ಇಂಗ್ಲಿಷ್ ಕಲಿಸೋಕೆ ಎಲ್ಲಿಗೆ ಹೋಗಬೇಕು: ಥಾಯ್ಲೆಂಡಿಗಾ, ಇಂಗ್ಲೆಂಡಿಗಾ?

ಹಾಸನದಲ್ಲಿ ಬಿ.ಎಡ್ ಮುಗಿಸಿದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಕೇಳೋದು ಒಂದೇ. "ಹೊರದೇಶದಲ್ಲಿ ಇಂಗ್ಲಿಷ್ ಪಾಠ ಮಾಡೋದಾದರೆ ಇಂಗ್ಲೆಂಡಿಗೇ ಹೋಗಬೇಕಲ್ವಾ?" ಇಂಗ್ಲಿಷರ ನಾಡಲ್ಲಿ ಕಲಿಸೋದು ಮೇಲು, ಥಾಯ್ಲೆಂಡ್, ವಿಯೆಟ್ನಾಂ ಎಲ್ಲ ಅದು ಸಿಗದವರಿಗೆ ಅನ್ನೋ ನಂಬಿಕೆ ಸುಮಾರು ಜನರಿಗಿದೆ. ನಾನು ಎರಡೂ ಕಡೆ ಕಲಿಸಿದ್ದೇನೆ. ಮೊದಲು ಈಶಾನ್ಯ ಥಾಯ್ಲೆಂಡಿನ ಉಡೋನ್ ಥಾನಿಯಲ್ಲಿ ಶಾಲೆಯ ಮಕ್ಕಳಿಗೆ. ಆಮೇಲೆ ಗಂಡನ ಕೆಲಸದ ಜೊತೆ ಹೋಗಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ದೊಡ್ಡವರಿಗೆ. ಕಲಿಸುವ ಕೆಲಸವನ್ನೇ ಸರಿಯಾಗಿ ಕಲಿಯಬೇಕು ಅನ್ನೋರು ಮೊದಲು ಇಂಗ್ಲಿಷ್ ಕಿವಿಗೆ ಬೀಳದ ಊರಿಗೇ ಹೋಗಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಉಡೋನ್ ಥಾನಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಧ್ವಜ ಏರುತ್ತದೆ, ರಾಷ್ಟ್ರಗೀತೆ ಆಗುತ್ತದೆ, ಆಮೇಲೆ ಕ್ಲಾಸು. ಒಂದೊಂದು ಕ್ಲಾಸಿನಲ್ಲೂ ನಲವತ್ತಕ್ಕೂ ಜಾಸ್ತಿ ಮಕ್ಕಳು. ಮನೆಯಲ್ಲಿ ಅವರು ಮಾತಾಡೋದು ಲಾವೋ ಭಾಷೆಗೆ ಹತ್ತಿರವಾದ ಇಸಾನ್, ಶಾಲೆಯಲ್ಲಿ ಥಾಯ್. ಇಂಗ್ಲಿಷ್ ಅವರಿಗೆ ಮೂರನೆಯದು. ಶಾಲೆಯ ಗೇಟು ದಾಟಿದರೆ ಸಂತೆಯಲ್ಲಿ, ಬಸ್ಸಿನಲ್ಲಿ, ಟಿವಿಯಲ್ಲಿ ಎಲ್ಲೂ ಇಂಗ್ಲಿಷ್ ಬೇಕಾಗೋದಿಲ್ಲ. ಆ ಮಕ್ಕಳ ಬಾಯಿಗೆ ಬರುವ ಇಂಗ್ಲಿಷ್ ಅಂದರೆ ಟೀಚರ್ ಕೊಟ್ಟಷ್ಟೇ. ನಾನು ಗಡಿಬಿಡಿಯಲ್ಲಿ ಹೇಳಿದ್ದನ್ನು ಇನ್ನೊಬ್ಬರು ಸರಿಮಾಡಿ ಹೇಳಿಕೊಡುವ ಅವಕಾಶವೇ ಅಲ್ಲಿಲ್ಲ. ಹಾಗಾಗಿ ಪ್ರತಿ ವಾಕ್ಯವನ್ನೂ ತೂಗಿ ಹೇಳೋದು, ಕೈಸನ್ನೆಯಲ್ಲಿ ತೋರಿಸೋದು, ಬೋರ್ಡಿನ ಮೇಲೆ ಚಿತ್ರ ಬರೆಯೋದು ಎಲ್ಲ ತಾನಾಗಿ ಬಂತು.

ಉಚ್ಚಾರಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕನ್ನಡದ ನಾಲಿಗೆ ಕೊನೆಗೊಂದು 'ಉ' ಸೇರಿಸುತ್ತದೆ, ಬಸ್ಸು, ಸ್ಕೂಲು ಅಂತ. ಥಾಯ್ ನಾಲಿಗೆ ತದ್ವಿರುದ್ಧ. ಪದದ ಕೊನೆಯಲ್ಲಿ 'ಸ್' ಬಂದರೆ ಅದು 'ಟ್' ಥರ ನಿಂತುಬಿಡುತ್ತದೆ, 'ಲ್' ಬಂದರೆ 'ನ್' ಆಗುತ್ತದೆ. ಬಸ್ ಅನ್ನೋದು ಬಟ್, ಸ್ಕೂಲ್ ಅನ್ನೋದು ಸಕೂನ್. ಬರೀ "ಇನ್ನೊಂದ್ಸಲ ಹೇಳು" ಅಂದರೆ ಏನೂ ಆಗೋದಿಲ್ಲ. ಅಂಗೈಯನ್ನು ಬಾಯಿ ಮುಂದೆ ಹಿಡಿದುಕೊಳ್ಳೋಕೆ ಹೇಳುತ್ತಿದ್ದೆ. 'ಸ್' ಅಂದಾಗ ಗಾಳಿ ಕೈಗೆ ತಾಗುತ್ತಲೇ ಇರಬೇಕು, 'ಟ್' ಆದರೆ ತಟ್ಟನೆ ನಿಂತುಹೋಗುತ್ತದೆ. ಕೊನೆ ಬೆಂಚಿನ ಹುಡುಗನೊಬ್ಬ ಗಾಳಿ ತಾಗಿದ ತಕ್ಷಣ ಕಣ್ಣರಳಿಸಿ ಪಕ್ಕದವನ ಕೈ ಎಳೆದು ತನ್ನ ಬಾಯಿ ಮುಂದೆ ಇಟ್ಟುಕೊಂಡ. ಅಂದು ಇಡೀ ಕ್ಲಾಸು ಹಾವಿನ ಥರ ಬುಸುಗುಟ್ಟಿತು.

ಕಾಲದ ಪಾಠವೂ ಹೀಗೇ ಕಷ್ಟ. ಹೋದ, ಹೋದಳು, ಹೋಗುತ್ತಾರೆ ಅಂತ ನಮ್ಮಲ್ಲಿ ಕ್ರಿಯಾಪದ ಎಷ್ಟೊಂದು ರೂಪ ತಾಳುತ್ತದೆ. ಥಾಯ್‌ನಲ್ಲಿ ಕ್ರಿಯಾಪದ ಬದಲಾಗೋದೇ ಇಲ್ಲ, ನಿನ್ನೆ, ನಾಳೆ, ಆಯ್ತು ಅನ್ನೋ ಬೇರೆ ಪದಗಳೇ ಕಾಲ ಹೇಳುತ್ತವೆ. ಇದು ಅರ್ಥವಾದ ಮೇಲೆ ಮಕ್ಕಳ ತಪ್ಪಿನ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

ಥಾಯ್ಲೆಂಡಿನ ದೊಡ್ಡ ತೊಂದರೆ ಅಂದರೆ ಇಡೀ ಕ್ಲಾಸಿಗೆ ಒಂದೇ ಭಾಷೆ. ಜೋಡಿಯಾಗಿ ಇಂಗ್ಲಿಷಿನಲ್ಲಿ ಮಾತಾಡಿ ಅಂದು ನೀವು ಆ ಕಡೆ ತಿರುಗುವುದರೊಳಗೆ ಈ ಕಡೆ ಥಾಯ್ ಶುರು. ಮಕ್ಕಳದ್ದೇನೂ ತಪ್ಪಿಲ್ಲ. ಗೆಳೆಯನ ಜೊತೆ ಮಾತಾಡೋಕೆ ಅವರಿಗೆ ಇಂಗ್ಲಿಷ್ ಯಾಕೆ ಬೇಕು ಹೇಳಿ.

ಲೆಸ್ಟರಿನಲ್ಲಿ ಈ ತೊಂದರೆಯೇ ಇರಲಿಲ್ಲ. ಅಲ್ಲಿ ಬೇರೆ ದೇಶಗಳಿಂದ ಬಂದು ನೆಲೆಸಿದವರಿಗೆ ಇಂಗ್ಲಿಷ್ ಕಲಿಸುವ ತರಗತಿಗಳನ್ನು ಈಸಾಲ್ ಅನ್ನುತ್ತಾರೆ. ಅದರ ಹಂತಗಳು ಕೆಳಗಿನಿಂದ ಎಂಟ್ರಿ 1, 2, 3, ಆಮೇಲೆ ಲೆವೆಲ್ 1, 2. ನನ್ನ ಕ್ಲಾಸಿನಲ್ಲಿ ಸಿರಿಯಾ, ಅಫ್ಘಾನಿಸ್ತಾನ, ಸೊಮಾಲಿಯಾ, ಉಕ್ರೇನ್, ಹಾಂಗ್‌ಕಾಂಗ್‌ನವರೆಲ್ಲ ಇದ್ದರು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಗುಜರಾತಿಗಳಲ್ಲಿ ಎಷ್ಟೋ ಕುಟುಂಬಗಳು ಲೆಸ್ಟರಿನಲ್ಲೇ ನೆಲೆ ನಿಂತವು. ಅಂಥ ಮನೆಯ ಅಜ್ಜಿಯೊಬ್ಬರೂ ಬರುತ್ತಿದ್ದರು. ಇವರ ನಡುವೆ ಮಾತಾಗಬೇಕಾದರೆ ಇಂಗ್ಲಿಷ್ ಬಿಟ್ಟು ಗತಿಯಿಲ್ಲ. ಚಹಾ ಕುಡಿಯುವ ಹೊತ್ತಿನಲ್ಲೂ ಅಭ್ಯಾಸ ನಡೆಯುತ್ತಿತ್ತು.

ಕಷ್ಟ ಬೇರೆ ಥರದ್ದು. ಊರಲ್ಲಿ ದಂತವೈದ್ಯರಾಗಿದ್ದವರು ಒಂದು ಕುರ್ಚಿಯಲ್ಲಿ, ಯಾವ ಭಾಷೆಯಲ್ಲೂ ಓದು ಬರಹ ಕಲಿಯದವರು ಪಕ್ಕದಲ್ಲಿ. ನಾನು ವ್ಯಾಕರಣದ ಪಾಠ ತಯಾರಿ ಮಾಡಿಕೊಂಡು ಹೋದರೆ ಒಬ್ಬರು ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆ ತೆರಿಗೆಯ ಪತ್ರ ಹಿಡಿದು ಬರುತ್ತಿದ್ದರು. ಆವತ್ತಿನ ಪಾಠ ಆ ಪತ್ರವೇ. ನಾನಿದ್ದಾಗ ಅಲ್ಲಿ ಕಾಯಂ ನೆಲೆಸೋಕೆ ಸಾಮಾನ್ಯವಾಗಿ ಬಿ1 ಮಟ್ಟದ, ಅಂದರೆ ದಿನಬಳಕೆಯ ಮಾತುಕತೆ ನಡೆಸುವಷ್ಟು ಇಂಗ್ಲಿಷ್ ತೋರಿಸಬೇಕಿತ್ತು, ಆ ದೇಶದ ಬದುಕಿನ ಬಗೆಗಿನ 'ಲೈಫ್ ಇನ್ ದಿ ಯುಕೆ' ಪರೀಕ್ಷೆಯೂ ಪಾಸಾಗಬೇಕಿತ್ತು. ಅಂದರೆ ಈ ಪಾಠದ ಮೇಲೆ ಅವರ ಬದುಕೇ ನಿಂತಿತ್ತು.

ಆಗ ಡಾಕ್ಟರ್ ಅಪಾಯಿಂಟ್‌ಮೆಂಟ್ ಬೇಕಾದರೆ ಬೆಳಿಗ್ಗೆ ಎಂಟಕ್ಕೇ ಕ್ಲಿನಿಕ್ಕಿಗೆ ಫೋನ್ ಮಾಡಬೇಕಿತ್ತು, ತಡವಾದರೆ ಆ ದಿನದ ಜಾಗ ಮುಗಿದಿರುತ್ತಿತ್ತು. ಫೋನಿನಲ್ಲಿ ಮುಖ ಕಾಣೋದಿಲ್ಲ, ಕೈಸನ್ನೆ ನಡೆಯೋದಿಲ್ಲ. ಅದಕ್ಕೇ ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಾಕಿ ಕೂರಿಸುತ್ತಿದ್ದೆ. ಒಬ್ಬರು ರಿಸೆಪ್ಷನಿಸ್ಟ್, ಇನ್ನೊಬ್ಬರು ರೋಗಿ. ಅಫ್ಘಾನಿಸ್ತಾನದ ತಾಯಿಯೊಬ್ಬರು ಪ್ರತಿ ಸಲ ನಡುವೆ ಹಿಂದಕ್ಕೆ ತಿರುಗಿ ಎದುರಿನವರ ಮುಖ ಹುಡುಕುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಒಂದು ದಿನ ತಡವಾಗಿ ಬಂದು, ಮಗನಿಗೆ ಜ್ವರ, ತಾನೇ ಫೋನ್ ಮಾಡಿದೆ, ಹುಟ್ಟಿದ ತಾರೀಕು ಕೇಳಿದರು, ಹೇಳಿದೆ ಅಂದರು. ಹೇಳಿದ ಇಂಗ್ಲಿಷಿನಲ್ಲಿ ಕಾಲ, ಲಿಂಗ ಎಲ್ಲ ಅದಲುಬದಲು. ಅದನ್ನು ತಿದ್ದೋಕೆ ನನಗೆ ಮನಸ್ಸೇ ಬರಲಿಲ್ಲ. ಇಂಥ ಖುಷಿ ಥಾಯ್ಲೆಂಡಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಆದರೂ ಮೊದಲು ಥಾಯ್ಲೆಂಡ್ ಅಂತ ಯಾಕೆ ಹೇಳುತ್ತೇನೆ ಅಂದರೆ, ಲೆಸ್ಟರಿನಲ್ಲಿ ಅರ್ಧ ಪಾಠವನ್ನು ಊರೇ ಮಾಡುತ್ತದೆ. ಬಸ್ ಡ್ರೈವರ್, ಅಂಗಡಿಯವರು, ಮಕ್ಕಳ ಶಾಲೆ ಎಲ್ಲರೂ ಕಲಿಸುತ್ತಾರೆ. ಅಲ್ಲಿ ನಿಮ್ಮ ಪಾಠ ಸಪ್ಪೆಯಾದರೂ ಕಲಿಯುವವರು ಮುಂದೆ ಹೋಗುತ್ತಾರೆ, ನಿಮ್ಮ ಕೊರತೆ ನಿಮಗೆ ಗೊತ್ತೇ ಆಗೋದಿಲ್ಲ. ಉಡೋನ್ ಥಾನಿಯಲ್ಲಿ ಅದು ಮರುದಿನವೇ ಗೊತ್ತಾಗುತ್ತದೆ.

ನಮ್ಮ ಹಾಸನ ಎರಡಕ್ಕೂ ಸೇರದ ಊರು. ಬಿ.ಎಂ. ರಸ್ತೆಯ ಉದ್ದಕ್ಕೂ ಇಂಗ್ಲಿಷ್ ಬೋರ್ಡು, ಕೈಯಲ್ಲಿ ಇಂಗ್ಲಿಷ್ ಮೊಬೈಲು, ಆದರೆ ಬಾಯಿಬಿಟ್ಟು ಮಾತಾಡುವ ಸಂದರ್ಭ ಕಡಿಮೆ. ಅರಕಲಗೂಡು, ಆಲೂರಿನಿಂದ ಬಸ್ ಹತ್ತಿ ಬರುವ ನನ್ನ ವಿದ್ಯಾರ್ಥಿಗಳಿಗೆ ಓದಿದರೆ ಅರ್ಥವಾಗುತ್ತದೆ, ಮಾತಾಡು ಅಂದರೆ ತಲೆ ತಗ್ಗುತ್ತದೆ. ಇವರಿಗೂ ಬೆನ್ನಿಗೆ ಬೆನ್ನು ಕುರ್ಚಿ ಹಾಕಿದ್ದೇನೆ. ಮುಖ ಕಾಣದಿದ್ದರೆ ಇವರ ನಾಚಿಕೆ ಕಮ್ಮಿಯಾಗುತ್ತದೆ.

ಒಂದು ಅನ್ಯಾಯದ ಬಗ್ಗೆಯೂ ಹೇಳಲೇಬೇಕು. ಥಾಯ್ಲೆಂಡಿನಲ್ಲಿ 'ನೇಟಿವ್ ಸ್ಪೀಕರ್ ಮಾತ್ರ', ಅಂದರೆ ಇಂಗ್ಲಿಷ್ ತಾಯ್ನುಡಿ ಆದವರು ಮಾತ್ರ ಅನ್ನೋ ಜಾಹೀರಾತು ಮಾಮೂಲು. ನಾನಿದ್ದ ಶಾಲೆಯಲ್ಲಿ ಅದೇ ಪಾಠ, ಅಷ್ಟೇ ಪೀರಿಯಡ್ ಮಾಡಿದರೂ ಭಾರತ, ಫಿಲಿಪ್ಪೀನ್ಸಿನ ನಮಗೆ ಬಿಳಿಯರಿಗಿಂತ ಕಡಿಮೆ ಸಂಬಳ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ನಾನು ಅದಕ್ಕೂ ಹಿಂದಿನವಳು, 5ನೇ ತರಗತಿಯಲ್ಲಿ ಎ, ಬಿ, ಸಿ ಬರೆದವಳು. ನಾಲಿಗೆ ಎಲ್ಲಿ ತಡವರಿಸುತ್ತದೆ ಅಂತ ನಮ್ಮಂಥವರಿಗೆ ಅನುಭವದಿಂದಲೇ ಗೊತ್ತು. ಲೆಸ್ಟರಿನಲ್ಲಿ ಇದನ್ನು ಹೇಳಿದ ಮೇಲೇ ಎಷ್ಟೋ ಜನ ನನ್ನ ಮುಂದೆ ಬಾಯಿ ತೆರೆದರು.

ಇನ್ನು ವೀಸಾ. ನನಗೆ ಲೆಸ್ಟರಿನಲ್ಲಿ ಕೆಲಸ ಮಾಡೋಕಾದದ್ದು ಗಂಡನ ಕೆಲಸದ ಮೇಲೆ ಹೆಂಡತಿಗೆ ಸಿಗುವ ಡಿಪೆಂಡೆಂಟ್ ವೀಸಾ ಇದ್ದದ್ದರಿಂದ. ಕೆಲಸವೂ ಗಂಟೆ ಲೆಕ್ಕದ್ದು, ತಯಾರಿಗೆ ದುಡ್ಡಿಲ್ಲ, ಬೇಸಿಗೆ ರಜೆಯಲ್ಲಿ ಏನೂ ಇಲ್ಲ. ಅದನ್ನು ನಂಬಿ ಹಾಸನದಿಂದ ನೇರವಾಗಿ ಹೊರಡೋಕೆ ಆಗೋದಿಲ್ಲ. ಥಾಯ್ಲೆಂಡಿಗೆ ಬಿ.ಎಡ್ ಇದ್ದರೆ ಅನುಕೂಲ. ಇಂಗ್ಲಿಷ್ ಕಲಿಸೋದನ್ನೇ ಹೇಳಿಕೊಡುವ ಸೆಲ್ಟಾ ಕೋರ್ಸ್ ಕೂಡ ಮಾಡಿದರೆ ಇನ್ನೂ ಒಳ್ಳೆಯದು. ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಪಾಠ ಮಾಡಿ ತೋರಿಸಬೇಕು. ಟೂರಿಸ್ಟ್ ವೀಸಾದಲ್ಲಿ ಹೋಗಿ ಪಾಠ ಶುರುಮಾಡಿ, ಆಮೇಲೆ ನೋಡೋಣ ಅನ್ನುವ ಏಜೆಂಟರನ್ನು ಅಲ್ಲೇ ಬಿಟ್ಟುಬಿಡಿ. ಅದು ಕಾನೂನಿಗೆ ವಿರುದ್ಧ, ಸಿಕ್ಕಿಬೀಳೋದು ನೀವೇ ಹೊರತು ಏಜೆಂಟ್ ಅಲ್ಲ. ಕೆಲಸಕ್ಕೆ ಬರುವವರಿಗೆ ಕೊಡುವ ನಾನ್ ಇಮಿಗ್ರಂಟ್ ಬಿ ವೀಸಾ ಮತ್ತು ವರ್ಕ್ ಪರ್ಮಿಟ್ ಎರಡೂ ಬೇಕು. ಅಲ್ಲಿ ಶಾಲೆ ಶುರುವಾಗೋದು ಮೇ ಮಧ್ಯದಲ್ಲಿ. ಹಾಗಾಗಿ ಪದವಿ ಪತ್ರದ ದೃಢೀಕರಣ, ಪೊಲೀಸ್ ಕ್ಲಿಯರೆನ್ಸ್ ಇವನ್ನೆಲ್ಲ ಸಂಕ್ರಾಂತಿ ಆಗುತ್ತಿದ್ದ ಹಾಗೇ ಶುರುಮಾಡಿಕೊಳ್ಳಿ.