ಲೇಸ್ ಕಟ್ಟುವ ಚರ್ಮದ ಫುಟ್‌ಬಾಲ್: ಪಿಚಿಚಿ ಕಾಲದ ಮಾದರಿ

ಮೈಸೂರಿನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಈ ಚೆಂಡಿನ ಹೊಲಿಗೆ ಬಿಗಿಯಾಗಿದೆ, ಚರ್ಮವೂ ದಪ್ಪ. ಸ್ಪೇನ್‌ನ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬಿನ ಫಾರ್ವರ್ಡ್ ರಫಾಯೆಲ್ ಮೊರೆನೊ, ಅಂದರೆ ಪಿಚಿಚಿ, 1913ರಲ್ಲಿ ಸಾನ್ ಮಾಮೆಸ್ ಕ್ರೀಡಾಂಗಣದ ಮೊದಲ ಗೋಲು ಹೊಡೆದದ್ದು ಇಂಥ ಲೇಸಿನ ಚೆಂಡಿನ ಕಾಲದಲ್ಲೇ. 1915ರ ಸ್ಪೇನ್ ಕಪ್ ಫೈನಲ್‌ನಲ್ಲಿ ಹ್ಯಾಟ್ರಿಕ್, 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. 29ನೇ ವಯಸ್ಸಿಗೇ ತೀರಿಕೊಂಡರು. ತಲೆಗೆ ಬಿಳಿ ಬಟ್ಟೆ ಕಟ್ಟಿ ಆಡುತ್ತಿದ್ದರು. ಈ ಲೇಸ್ ಹಣೆಗೆ ತಾಗಿದರೆ ಚರ್ಮ ತರಚುತ್ತದೆ, ಹಾಗಾಗಿ ಮಕ್ಕಳಿಗೆ ಹೆಡ್ಡಿಂಗ್ ಅಭ್ಯಾಸಕ್ಕೆ ಖಂಡಿತ ಕೊಡಬೇಡಿ.

ಮೊದಲು ಬ್ಲಾಡರನ್ನು, ಅಂದರೆ ಒಳಗಿನ ಗಾಳಿ ಚೀಲವನ್ನು, ಅರ್ಧ ಊದಿ ಒಳಗೆ ಸಮನಾಗಿ ಕೂರಿಸಿ. ಆಮೇಲೆ ಸುಮಾರು 9 ಪಿಎಸ್‌ಐ ಒತ್ತಡದವರೆಗೆ ಗಾಳಿ ತುಂಬಿ, ಬ್ಲಾಡರಿನ ಕತ್ತು ಕಟ್ಟಿ ಮಡಚಿ, ಲೇಸಿನ ಅಡಿಯ ನಾಲಿಗೆಯಂಥ ಚರ್ಮದ ಪಟ್ಟಿಯ ಕೆಳಗೆ ಸೇರಿಸಿ. ಲೇಸಿನ ಗಂಟು ಒಳಗೇ ಉಳಿಯಬೇಕು. ಹೊರಗೆ ಉಬ್ಬಿದರೆ ಚೆಂಡು ನೇರ ಉರುಳುವುದಿಲ್ಲ.

ದೊಡ್ಡ ಕೊರತೆ ನೀರು. ಮಳೆಯಲ್ಲಿ ಆಡಿದರೆ ಚರ್ಮ ನೀರು ಹೀರಿ ಚೆಂಡು ಭಾರವಾಗುತ್ತದೆ. ಬಿಸಿಲಿಗೆ ಇಟ್ಟರೆ ಬಿರುಕು. ನೆರಳಲ್ಲೇ ಒಣಗಿಸಿ ಮೇಣ ಸವರಿ. ಪಂದ್ಯಕ್ಕೆ ಬೇಡ, ಆದರೆ ಕಾಲಿಗೆ ಸಿಕ್ಕಾಗ ಆ ಸದ್ದು ಅದ್ಭುತ.