ಒಂದು ಐ5-9600ಕೆ, ಎರಡು ಮದರ್‌ಬೋರ್ಡ್, ಆರು ವರ್ಷ

2019ರಲ್ಲಿ ಕೊಂಡ ಇಂಟೆಲ್ ಕೋರ್ ಐ5-9600ಕೆ ಪ್ರೊಸೆಸರ್ ಇಂದಿಗೂ ನನ್ನ ಮೇಜಿನ ಕೆಳಗೆ ದುಡಿಯುತ್ತಿದೆ. ಅದರ ಜೊತೆಗೇ ಕೊಂಡ ಮದರ್‌ಬೋರ್ಡ್ ಒಂದೂವರೆ ವರ್ಷಕ್ಕೆ ಅಟ್ಟ ಸೇರಿತು. ಹಾಗಾಗಿ ಇಲ್ಲಿ ಪ್ರೊಸೆಸರಿಗಿಂತ ಬೋರ್ಡಿನ ಮಾತೇ ಹೆಚ್ಚು.

ಆರು ಕೋರ್, ಮೂಲ ವೇಗ 3.7 ಗಿಗಾಹರ್ಟ್ಸ್, ಟರ್ಬೊದಲ್ಲಿ 4.6. ಹೆಸರಿನ ಕೊನೆಯ ‘ಕೆ’ ಎಂದರೆ ವೇಗವನ್ನು ನಿರ್ಧರಿಸುವ ಗುಣಕಕ್ಕೆ ಬೀಗವಿಲ್ಲ, ಅದನ್ನು ನಾವೇ ಏರಿಸಬಹುದು. ಆದರೆ ಮದರ್‌ಬೋರ್ಡಿನ ನಿಯಂತ್ರಕವಾದ ಚಿಪ್‌ಸೆಟ್ ಕೂಡ ಒಪ್ಪಬೇಕಲ್ಲ! ಬಿ360 ಬೋರ್ಡಿನಲ್ಲಿ ಇದು ಕೂರುತ್ತದೆ, ಓಡುತ್ತದೆ, ಗುಣಕ ಮಾತ್ರ ಏರುವುದಿಲ್ಲ. ಅದಕ್ಕೆ ಝಡ್370 ಅಥವಾ ಝಡ್390 ಬೇಕು. ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರನ್ನಷ್ಟೇ ನಂಬಿ ಹಳೆಯ ಝಡ್270 ಕೊಂಡರೂ ಕೆಟ್ಟಿರಿ. ಅದರ ಸಾಕೆಟ್ಟೂ ಇದೇ ಎಲ್‌ಜಿಎ1151, ಎಣಿಸಿದರೆ ಅಷ್ಟೇ ಪಿನ್‌ಗಳು, ಆದರೆ ಅವುಗಳ ಹಂಚಿಕೆ ಬೇರೆ.

ಇಷ್ಟೆಲ್ಲ ಓದಿಕೊಂಡ ನಾನು, ಪೆಟ್ಟಿಗೆಯ ಮೇಲೆ ಝಡ್390 ಎಂದಿದ್ದರೆ ಸಾಕೆಂದು ಎಲ್ಲಕ್ಕಿಂತ ಅಗ್ಗದ ಬೋರ್ಡನ್ನು ತಂದೆ. ಗುಣಕ 50, ಅಂದರೆ 5 ಗಿಗಾಹರ್ಟ್ಸ್, ವೋಲ್ಟೇಜ್ 1.35. ವಿಂಡೋಸ್ ತೆರೆದುಕೊಂಡಿತು, ಹಿಗ್ಗಿದೆ. ವಿಡಿಯೊ ರೆಂಡರ್ ಹಚ್ಚಿದ ಹತ್ತನೆಯ ನಿಮಿಷಕ್ಕೆ ವೇಗ 800 ಮೆಗಾಹರ್ಟ್ಸ್‌ಗೆ ದೊಪ್ಪನೆ ಬಿತ್ತು. ಕೂಲರನ್ನು ದೂರಿ ಎರಡು ಸಲ ಥರ್ಮಲ್ ಪೇಸ್ಟ್ ಬದಲಿಸಿದೆ. ಪ್ರೊಸೆಸರ್ ಇದ್ದದ್ದು 78 ಡಿಗ್ರಿಯಲ್ಲಿ. ಅದರ ಮಿತಿ 100. ಕೊನೆಗೆ ಸಾಕೆಟ್ಟಿನ ಪಕ್ಕದ ವಿಆರ್‌ಎಂ ಹೀಟ್‌ಸಿಂಕಿಗೆ ಬೆರಳು ತಾಗಿಸಿದಾಗ ಚುರ್ ಎಂದಿತು, ಕಳ್ಳ ಸಿಕ್ಕಿಬಿದ್ದ.

12 ವೋಲ್ಟನ್ನು ಪ್ರೊಸೆಸರಿಗೆ ತಕ್ಕಷ್ಟು ಇಳಿಸಿ ಕೊಡುವುದು ಆ ವಿಆರ್‌ಎಂ. 1.3 ವೋಲ್ಟಿನಲ್ಲಿ ಪ್ರೊಸೆಸರ್ 130 ವಾಟ್ ಎಳೆಯಿತೆಂದರೆ ನೂರು ಆಂಪಿಯರ್ ಹರಿಯಬೇಕು. ನನ್ನ ಬೋರ್ಡಿನಲ್ಲಿ ಆ ಹೊರೆ ಹೊರಲು ಇದ್ದದ್ದು ನಾಲ್ಕೇ ಫೇಸ್, ಅಂದರೆ ಹೊರೆ ಹಂಚಿಕೊಳ್ಳುವ ನಾಲ್ಕೇ ಸರ್ಕ್ಯೂಟ್, ಮೇಲೆ ಬೆಂಕಿಪೊಟ್ಟಣದಷ್ಟು ಅಲ್ಯೂಮಿನಿಯಂ. ಹೊರಮೈಯಲ್ಲಿ ಬಣ್ಣದ ದೀಪಗಳಿಗೇನೂ ಕೊರತೆಯಿರಲಿಲ್ಲ.

ಎರಡನೆಯ ಬೋರ್ಡನ್ನು ಚಿಪ್‌ಸೆಟ್ ನೋಡಿ ಕೊಳ್ಳಲಿಲ್ಲ, ವಿಆರ್‌ಎಂ ಉಷ್ಣತೆ ಅಳೆದ ಪರೀಕ್ಷೆಗಳನ್ನು ನೋಡಿ ಕೊಂಡೆ. ರೆಕ್ಕೆಗಳಿರುವ, ಕೈಗೆ ಭಾರ ತಿಳಿಯುವ ಹೀಟ್‌ಸಿಂಕ್. ಅದೇ ಪ್ರೊಸೆಸರ್, ಅದೇ ಕೂಲರ್, ಅದೇ 5 ಗಿಗಾಹರ್ಟ್ಸ್. ರೆಂಡರ್ ಗಂಟೆಗಟ್ಟಲೆ ನಡೆದರೂ ವೇಗ ಅಲುಗಲಿಲ್ಲ. ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಲೋಡ್‌ಲೈನ್ ಸೆಟ್ಟಿಂಗನ್ನು ಮಧ್ಯದ ಹಂತದಲ್ಲಿಟ್ಟೆ. ತುತ್ತತುದಿಯ ಹಂತದಲ್ಲಿಟ್ಟರೆ ಹೊರೆ ತೆಗೆದ ಗಳಿಗೆಯಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ.

ನಾಲ್ಕನೆಯ ವರ್ಷ ಅಪರೂಪಕ್ಕೊಮ್ಮೆ, ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆ ಕಾಣತೊಡಗಿತು. ಅಷ್ಟು ವೋಲ್ಟೇಜ್ ಕೊಟ್ಟು ಅಷ್ಟು ಕಾಲ ದುಡಿಸಿದವನು ನಾನು, ಚಿಪ್ಪನ್ನು ಬೈಯಲಾರೆ. 4.8ಕ್ಕೆ ಇಳಿಸಿದೆ, 1.25 ವೋಲ್ಟ್ ಸಾಕಾಯಿತು. ವಿದ್ಯುತ್ತಿನ ಬಳಕೆ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ತಕ್ಕಂತೆ ಏರಿಳಿಯುವುದರಿಂದ ಶೇ 4ರಷ್ಟು ವೇಗ ಬಿಟ್ಟುಕೊಟ್ಟದ್ದಕ್ಕೆ ಲೆಕ್ಕದಲ್ಲಿ ಶೇ 18ರಷ್ಟು ಉಳಿತಾಯ. ರೆಂಡರ್ ಮುಗಿಯುವ ಹೊತ್ತಿನಲ್ಲಿ ವ್ಯತ್ಯಾಸ ಕಂಡದ್ದು ಗಡಿಯಾರ ಹಿಡಿದು ಕೂತಾಗ ಮಾತ್ರ.

ಈ ಬೋರ್ಡಿಗೆ ಇಂಟೆಲಿನ ಎಂಟು, ಒಂಬತ್ತನೆಯ ಪೀಳಿಗೆಯ ಪ್ರೊಸೆಸರುಗಳಷ್ಟೇ ಹೊಂದುತ್ತವೆ. ಹತ್ತನೆಯದಕ್ಕೆ ಎಲ್‌ಜಿಎ1200 ಎಂಬ ಬೇರೆ ಸಾಕೆಟ್ ಬಂತು. ಹೊಸದು ಬೇಕಾದಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಅಲ್ಲಿಯವರೆಗೆ ರಾತ್ರಿ ರೆಂಡರ್ ಹಚ್ಚಿ ಅದೇ ಕೋಣೆಯಲ್ಲಿ ಮಲಗುತ್ತೇನೆ. 5 ಗಿಗಾಹರ್ಟ್ಸ್‌ನ ದಿನಗಳಲ್ಲಿ ಫ್ಯಾನಿನ ಸದ್ದಿಗೆ ಅದು ಸಾಧ್ಯವಿರಲಿಲ್ಲ.