ಮಗನ ಫೋನಿಗೆ ಫ್ಯಾಮಿಲಿ ಲಿಂಕ್ ಹಾಕಿ ಎಂಟು ತಿಂಗಳಾಯ್ತು

ನನ್ನ ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಮನೆ ವಿಜಯನಗರ, ನನ್ನ ಆಫೀಸ್ ವೈಟ್‌ಫೀಲ್ಡ್. ಸ್ಕೂಲ್ ವ್ಯಾನ್ ಅವನನ್ನು ನಾಲ್ಕು ಗಂಟೆಗೆ ಮನೆ ಹತ್ತಿರ ಇಳಿಸುತ್ತದೆ, ನಾನು ಮನೆ ಮುಟ್ಟುವಾಗ ಏಳೂವರೆ. ನಡುವಿನ ಮೂರೂವರೆ ಗಂಟೆ ಅವನು, ಅವನ ಅಜ್ಜಿ, ಮತ್ತೆ ಒಂದು ಹಳೇ ಆಂಡ್ರಾಯ್ಡ್ ಫೋನು. ಅದಕ್ಕೇ ಈ ಆ್ಯಪ್ ಹಾಕಿದ್ದು.

ಗೂಗಲ್ ಫ್ಯಾಮಿಲಿ ಲಿಂಕ್ ಅಂದರೆ ಮಗುವಿನ ಫೋನ್ ಬಳಕೆಗೆ ಅಪ್ಪ ಅಮ್ಮ ತಮ್ಮ ಫೋನಿನಿಂದಲೇ ಮಿತಿ ಹಾಕುವ ಆ್ಯಪ್, ಪೂರ್ತಿ ಉಚಿತ. ನಿಮ್ಮ ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಮಗುವಿನ ಗೂಗಲ್ ಅಕೌಂಟನ್ನು ಅದಕ್ಕೆ ಸೇರಿಸಬೇಕು. ನಿಮ್ಮದು ಐಫೋನ್ ಆದರೂ ನಡೆಯುತ್ತದೆ, ಆದರೆ ಮಗುವಿನ ಕೈಯಲ್ಲಿರುವುದು ಆಂಡ್ರಾಯ್ಡ್ ಆಗಿರಬೇಕು. ಮಗುವಿಗೂ ಐಫೋನೇ ಕೊಟ್ಟಿದ್ದರೆ ಆ್ಯಪಲ್‌ನವರದೇ ಸ್ಕ್ರೀನ್ ಟೈಮ್ ಇದೆ, ಅದನ್ನು ನಾನು ಬಳಸಿಲ್ಲ.

ಹಾಕಿಕೊಳ್ಳುವುದು ಅರ್ಧ ಗಂಟೆ ಕೆಲಸ. ನಮಗೆ ಒಂದು ಭಾನುವಾರ ಪೂರ್ತಿ ಹೋಯಿತು, ತಪ್ಪು ನಮ್ಮದೇ. ಯುಕೆಜಿ ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಅರ್ಜೆಂಟಾಗಿ ಅವನಿಗೊಂದು ಅಕೌಂಟ್ ಬೇಕಾಗಿತ್ತು. ನಮ್ಮ ಯಜಮಾನರು ಯೋಚನೆ ಮಾಡದೆ ತಮ್ಮದೇ ಹುಟ್ಟಿದ ದಿನ ಹಾಕಿ ಮಾಡಿಬಿಟ್ಟಿದ್ದರು. ಹಾಗಾಗಿ ಗೂಗಲ್ ಲೆಕ್ಕದಲ್ಲಿ ನನ್ನ ಮಗ ನಲವತ್ತರ ಹತ್ತಿರದ ಗಂಡಸು! ಇಷ್ಟು ವರ್ಷ ಯೂಟ್ಯೂಬ್ ಅವನಿಗೆ ದೊಡ್ಡವರಿಗೆ ತೋರಿಸುವುದನ್ನೇ ತೋರಿಸುತ್ತಿತ್ತು, ನಾವು ಮಾತ್ರ "ಇದೇನಪ್ಪಾ ಇಂಥದ್ದೆಲ್ಲಾ ಬರುತ್ತೆ" ಅಂತ ಗೊಣಗುತ್ತಾ ಕೂತಿದ್ದೆವು. ನಿಮ್ಮನೆಯಲ್ಲೂ ಆಗ ಹೀಗೇ ಮಾಡಿರುವ ಸಾಧ್ಯತೆ ಇದೆ, ಒಮ್ಮೆ ತೆಗೆದು ನೋಡಿ. ಹೊಸ ಅಕೌಂಟ್ ಮಾಡಿದೆವು. ಹಳೆಯದರ ಜೊತೆ ಅವನ ಗೇಮಿನ ಲೆವೆಲ್‌ಗಳೂ ಹೋದವು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನು ಸಮಯದ ಲೆಕ್ಕ. ದಿನಕ್ಕೆ ಇಷ್ಟು ಗಂಟೆ ಅಂತ ಮಿತಿ ಹಾಕಬಹುದು, ಒಂದೊಂದು ಆ್ಯಪಿಗೆ ಬೇರೆ ಬೇರೆ ಮಿತಿಯೂ ಇದೆ, ರಾತ್ರಿ ಇಂತಿಷ್ಟು ಹೊತ್ತಿಗೆ ಫೋನ್ ತಾನೇ ಲಾಕ್ ಆಗುವ ಹಾಗೂ ಮಾಡಬಹುದು. ನಾವು ವಾರದ ದಿನ ಒಂದು ಗಂಟೆ, ಶನಿವಾರ ಭಾನುವಾರ ಎರಡು ಗಂಟೆ ಇಟ್ಟಿದ್ದೇವೆ. ಮೊದಲೆಲ್ಲಾ "ಸಾಕು ಬಿಡೋ" ಅಂತ ನಾನೇ ಕಿರುಚಬೇಕಿತ್ತು, ಈಗ ಅವನಿಗೆ ಫೋನಿನ ಮೇಲೇ ಸಿಟ್ಟು. ನನಗೆ ಆರಾಮು. ಫೋನ್ ಎಲ್ಲಿದೆ ಅಂತಲೂ ತೋರಿಸುತ್ತದೆ, ಆದರೆ ಫೋನ್ ಆನ್ ಇರಬೇಕು, ಇಂಟರ್ನೆಟ್ ಇರಬೇಕು. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ, ಅಂದರೆ ಏನು ನೋಡಿದ ಅಂತ ಹಿಸ್ಟರಿಯಲ್ಲಿ ಉಳಿಯದ ಕಿಟಕಿ, ತೆರೆಯಲು ಬಿಡುವುದಿಲ್ಲ, ಇದು ಒಳ್ಳೆಯದಾಯಿತು.

ಇವೆಲ್ಲಾ ಇಲ್ಲದಿದ್ದರೂ ನಾನು ಈ ಆ್ಯಪ್ ಇಟ್ಟುಕೊಳ್ಳುತ್ತಿದ್ದೆ, ಒಂದೇ ಒಂದು ಕಾರಣಕ್ಕೆ. ಮಗು ಹೊಸ ಆ್ಯಪ್ ಏನೇ ಹಾಕಲು ಹೋದರೂ ನಮ್ಮ ಒಪ್ಪಿಗೆ ಕೇಳುವ ಹಾಗೆ ಇಡಬಹುದು. ರಿಕ್ವೆಸ್ಟ್ ನಮ್ಮ ಫೋನಿಗೆ ಬರುತ್ತದೆ.

ಆಗಸ್ಟ್‌ನಲ್ಲಿ ಒಂದು ದಿನ ಆಫೀಸ್ ಮುಗಿಸಿ ಪರ್ಪಲ್ ಲೈನ್‌ನಲ್ಲಿ ಬರುತ್ತಿದ್ದೆ. ಸೀಟ್ ಎಲ್ಲಿ ಸಿಗಬೇಕು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈ ಮೇಲಿನ ಹಿಡಿಯಲ್ಲಿ. ಎಂ.ಜಿ. ರೋಡ್‌ನಲ್ಲಿ ಫೋನ್ ಟಣ್ ಅಂತು. ನೋಡಿದರೆ ಮಗನಿಂದ ವಾಟ್ಸಾಪ್‌ಗೆ ರಿಕ್ವೆಸ್ಟ್. ಇವನಿಗ್ಯಾಕೆ ವಾಟ್ಸಾಪ್ ಅಂದುಕೊಳ್ಳುವಷ್ಟರಲ್ಲಿ ರೈಲು ಸುರಂಗಕ್ಕೆ ಇಳಿಯಿತು, ನೆಟ್‌ವರ್ಕ್ ಹೋಯಿತು. ಮೆಜೆಸ್ಟಿಕ್‌ನಲ್ಲಿ ಜನ ಇಳಿದು ಹತ್ತಿ, ಮಾಗಡಿ ರೋಡ್‌ನಲ್ಲಿ ಮೇಲೆ ಬಂದ ಮೇಲೆ ಫೋನ್ ಮಾಡಿದೆ.

"ಯಾಕೋ ವಾಟ್ಸಾಪ್ ಬೇಕು?"

"ಒಬ್ಬ ಬ್ರೋ ಫ್ರೀ ಸ್ಕಿನ್ ಕೊಡ್ತಾನಂತೆ ಅಮ್ಮಾ. ವಾಟ್ಸಾಪ್‌ಗೆ ಬಾ ಅಂದ."

ಸ್ಕಿನ್ ಅಂದರೆ ಗೇಮಿನಲ್ಲಿ ತೊಡಿಸುವ ಬಟ್ಟೆ. ಮನೆಗೆ ಬಂದು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಗೇಮಿನ ಚಾಟ್ ತೆಗೆಸಿ ನೋಡಿದೆ. ಆ ಬ್ರೋ ಒಂದು ವಾರದಿಂದ ಮಾತಾಡುತ್ತಿದ್ದ. ಮೊದಲು ಬರೀ ಆಟದ ಮಾತು. ಆಮೇಲೆ ಯಾವ ಸ್ಕೂಲು, ಮನೆಯಲ್ಲಿ ಯಾರಿರ್ತಾರೆ, ಅಮ್ಮ ಎಷ್ಟು ಹೊತ್ತಿಗೆ ಬರ್ತಾರೆ. ನನ್ನ ಮಗ ಎಲ್ಲದಕ್ಕೂ ಚೆನ್ನಾಗಿ ಉತ್ತರ ಕೊಟ್ಟಿದ್ದ, ಪರೀಕ್ಷೆಯಲ್ಲೂ ಅಷ್ಟು ಉದ್ದ ಬರೆಯುವುದಿಲ್ಲ.

ಫ್ಯಾಮಿಲಿ ಲಿಂಕ್ ಈ ಚಾಟನ್ನು ನೋಡಿರಲಿಲ್ಲ. ನೋಡುವುದೂ ಇಲ್ಲ. ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು ಇದ್ದ ಅಂತ ಹೇಳುತ್ತದೆ, ಒಳಗೆ ಯಾರ ಜೊತೆ ಏನು ಮಾತಾಡಿದ ಅಂತ ಹೇಳುವುದಿಲ್ಲ. ನನ್ನ ಫೋನಿನಲ್ಲಿ ಆ ವಾರದ ಲೆಕ್ಕವೆಲ್ಲಾ ಶಿಸ್ತಾಗಿತ್ತು, ದಿನಕ್ಕೆ ಒಂದು ಗಂಟೆ, ಎಲ್ಲಾ ಮಿತಿಯೊಳಗೆ! ಆ ವಾಟ್ಸಾಪ್ ರಿಕ್ವೆಸ್ಟ್ ಬರದೆ ಹೋಗಿದ್ದರೆ, ಬಂದಾಗ ನಾನು ಗಲಾಟೆಯಲ್ಲಿ ಸುಮ್ನೆ ಒಪ್ಪಿಗೆ ಒತ್ತಿಬಿಟ್ಟಿದ್ದರೆ, ಅಥವಾ ಅವನು ನನ್ನ ಬೈಗುಳಕ್ಕೆ ಹೆದರಿ ಸುಳ್ಳು ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಬೈಯಲಿಲ್ಲ. ತುಂಬಾ ಕಷ್ಟಪಟ್ಟು ಬೈಯಲಿಲ್ಲ.

ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಂಡೆವು, ಆಮೇಲೆ ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದೆವು. ಈ ಕ್ರಮ ನೆನಪಿಟ್ಟುಕೊಳ್ಳಿ, ಬ್ಲಾಕ್ ಮಾಡಿದ ಮೇಲೆ ಚಾಟ್ ಸಿಗದೇ ಹೋಗಬಹುದು. ಮಾತು ಫೋಟೋ ಕೇಳುವವರೆಗೆ ಅಥವಾ ಬೆದರಿಸುವವರೆಗೆ ಹೋಗಿದ್ದರೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೇ ಬೇರೆ ವಿಭಾಗ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಆಮೇಲೆ ಗೇಮಿನ ಸೆಟ್ಟಿಂಗ್ಸ್‌ಗೇ ಹೋಗಿ ಚಾಟ್ ಆಫ್ ಮಾಡಿದೆ. ಅದು ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ.

ಈ ಭಯದಲ್ಲೇ ಒಂದು ಪೇಯ್ಡ್ ಆ್ಯಪ್ ಕೂಡ ಹಾಕಿ ನೋಡಿದೆ, ಹೆಸರು ಬೇಡ. ಮಗುವಿನ ಮೆಸೇಜ್, ಫೋಟೋ, ಕೀಬೋರ್ಡಿನಲ್ಲಿ ಒತ್ತಿದ್ದು ಎಲ್ಲಾ ನಮಗೆ ತೋರಿಸುತ್ತದಂತೆ, ಅವನಿಗೆ ಗೊತ್ತೇ ಆಗದ ಹಾಗೆ. ಎರಡನೇ ದಿನ ಅವನು ತನ್ನ ಕ್ಲಾಸಿನ ಹುಡುಗನಿಗೆ "ನಮ್ಮಮ್ಮ ಜಾಸ್ತಿ ಟೆನ್ಶನ್ ಮಾಡ್ಕೊತಾಳೆ" ಅಂತ ಬರೆದದ್ದನ್ನು ಓದಿದೆ. ನಗು ಬಂತು, ನಾಚಿಕೆಯೂ ಆಯಿತು. ಅದಕ್ಕಿಂತ ಮುಖ್ಯ, ಇದೆಲ್ಲಾ ಯಾವ ಸರ್ವರಿಗೆ ಹೋಗಿ ಕೂರುತ್ತದೆ? 2023ರ ಡೇಟಾ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಆ ಒಪ್ಪಿಗೆಯನ್ನು ಓದದೆ ಒತ್ತಿದವಳು ನಾನೇ ಅಲ್ವಾ. ತೆಗೆದುಹಾಕಿದೆ. ದುಡ್ಡು ವಾಪಸ್ ಬರಲಿಲ್ಲ.

ಮನೆಯ ವೈಫೈಗೆ ಬೇರೆ ಉಪಾಯ ಇದೆ, ಅದೂ ಉಚಿತ. ರೂಟರ್‌ನಲ್ಲಿ ಡಿಎನ್‌ಎಸ್ ಅನ್ನುವ ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿದರೆ ದೊಡ್ಡವರ ಸೈಟುಗಳು ತೆರೆಯುವುದಿಲ್ಲ. ಇದು ಕ್ಲೌಡ್‌ಫ್ಲೇರ್‌ನವರು 2020ರಲ್ಲಿ ಶುರು ಮಾಡಿದ ಸೇವೆ. ನಮ್ಮ ಕೇಬಲ್ ಹುಡುಗ ಐದು ನಿಮಿಷದಲ್ಲಿ ಹಾಕಿಕೊಟ್ಟು ಕಾಫಿ ಕುಡಿದು ಹೋದ. ಆದರೆ ಮೊಬೈಲ್ ಡೇಟಾ ಆನ್ ಮಾಡಿದರೆ ಈ ಬೇಲಿ ಇಲ್ಲ.

ಯೂಟ್ಯೂಬ್‌ಗೆ ನಾವು ಒಂಬತ್ತು ವರ್ಷ ಮೇಲ್ಪಟ್ಟವರ ಮಟ್ಟ ಇಟ್ಟಿದ್ದೇವೆ. ಇನ್ನೂ ಚಿಕ್ಕ ಮಕ್ಕಳಿದ್ದರೆ ಯೂಟ್ಯೂಬ್ ಕಿಡ್ಸ್ ಹಾಕಿ. ಅದರಲ್ಲಿ ಸರ್ಚ್ ಆಫ್ ಮಾಡಿ ನೀವು ಆರಿಸಿದ ಚಾನೆಲ್‌ಗಳನ್ನಷ್ಟೇ ಇಡಬಹುದು. ಇಷ್ಟೆಲ್ಲಾ ಮಾಡಿದ ಮೇಲೆ ಒಂದು ಸಂಜೆ ಬಂದು ನೋಡುತ್ತೇನೆ, ಮಗ ಹಾಲ್‌ನಲ್ಲಿ ಕಾಲು ಚಾಚಿಕೊಂಡು ಟಿವಿಯಲ್ಲಿ ಯೂಟ್ಯೂಬ್ ನೋಡುತ್ತಿದ್ದಾನೆ. ಟಿವಿಯಲ್ಲಿ ಇದ್ದದ್ದು ಅವರಪ್ಪನ ಅಕೌಂಟು.

ಫೋನ್ ಕಿತ್ತುಕೊಂಡರೆ ಊಟ ಬಿಡುವುದು, ನಿದ್ದೆ ಮಾಡದಿರುವುದು, ಅಲ್ಲಿವರೆಗೆ ಹೋಗಿದ್ದರೆ ಆ್ಯಪ್ ಹಾಕಿ ಪ್ರಯೋಜನ ಇಲ್ಲ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಿರುವ ನಮಗೆ ಅದು ಒಂದು ಬಸ್ಸಿನ ದೂರ.

ನನ್ನ ಮಾರ್ಕು ಐದಕ್ಕೆ ನಾಲ್ಕು. ಚಾಟ್ ನೋಡಲ್ಲ ಅಂತ ಮಾರ್ಕು ಕಡಿಮೆ ಮಾಡಿದ್ದಲ್ಲ, ಅದು ನೋಡದಿರುವುದೇ ಸರಿ ಅಂತ ಈಗ ಅನ್ನಿಸುತ್ತದೆ. ಎಲ್ಲಾ ಹಸಿರಾಗಿ ತೋರಿಸಿ ಎಲ್ಲಾ ಸರಿಯಿದೆ ಅಂತ ನನ್ನನ್ನು ನಂಬಿಸಿತಲ್ಲ, ಆ ಒಂದು ಮಾರ್ಕು ಅದಕ್ಕೆ.

ಈಗ ಉಳಿದಿರುವುದು ಅಜ್ಜಿಯ ಫೋನು. ನನ್ನ ಮಗನ ಸಮಯ ಮುಗಿದ ತಕ್ಷಣ "ಅಜ್ಜೀ, ನಿನ್ನ ಫೋನ್ ಸ್ಲೋ ಆಗಿದೆ, ಸರಿ ಮಾಡ್ಕೊಡ್ಲಾ" ಅಂತ ಶುರು. ಅದಕ್ಕೆ ಅತ್ತೆಯ ಫೋನಿಗೆ ಪಿನ್ ಹಾಕಿಕೊಟ್ಟೆ. ವಾರ ಬಿಟ್ಟು ನೋಡಿದರೆ, ಅವರಿಗೆ ಪಿನ್ ನೆನಪಿರುವುದಿಲ್ಲವಂತೆ. ಬೇಕಾದಾಗಲೆಲ್ಲಾ ಮೊಮ್ಮಗನನ್ನೇ ಕೇಳುತ್ತಾರಂತೆ.